ರಾಯಚೂರಿನ ಬಿಸಿಲಲ್ಲಿ ಬರ್ಡ್ಸ್ ನೆಸ್ಟ್ ಫರ್ನ್ ಬದುಕುತ್ತಾ?

ಬದುಕುತ್ತದೆ, ಆದರೆ ಮನೆಯ ಒಳಗೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ, ಆಗ ಮಾಳಿಗೆ ಮೇಲೋ ಅಂಗಳದಲ್ಲೋ ಇಟ್ಟರೆ ಎಲೆ ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ.

ಇದು ಒಂದು ಜರಿಗಿಡ, ಇದರ ವೈಜ್ಞಾನಿಕ ಹೆಸರು ಆಸ್ಪ್ಲೀನಿಯಂ ನೈಡಸ್. ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುತ್ತದೆ, ಆದರೆ ಮರದ ರಸ ಹೀರುವುದಿಲ್ಲ. ಉದ್ದನೆಯ ಎಲೆಗಳು ಸುತ್ತಲೂ ಹಕ್ಕಿಗೂಡಿನ ಹಾಗೆ ನಿಲ್ಲುತ್ತವೆ, ಅದರೊಳಗೆ ಬಿದ್ದ ತರಗೆಲೆ ಕೊಳೆತು ಅದೇ ಗೊಬ್ಬರವಾಗುತ್ತದೆ. ಎಷ್ಟು ಚೆಂದದ ಏರ್ಪಾಡು ನೋಡಿ! ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂದೆ ಕಂದು ಗೆರೆಗಳು ಕಂಡರೆ ರೋಗ ಅಂತ ಔಷಧಿ ಹೊಡೆಯಬೇಡಿ, ಅವು ಬೀಜಕಣಗಳ (ಸ್ಪೋರ್) ಸಾಲು, ಬೀಜದ ಬದಲು ಹೊಸ ಗಿಡ ಹುಟ್ಟುವುದು ಇವುಗಳಿಂದಲೇ.

ನಮ್ಮ ಕಪ್ಪು ಎರೆಮಣ್ಣು ಇದಕ್ಕೆ ಆಗುವುದೇ ಇಲ್ಲ, ನೀರು ಹಿಡಿದು ಬೇರು ಕೊಳೆಸುತ್ತದೆ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಸ್ವಲ್ಪ ಇದ್ದಿಲ ಚೂರು ಬೆರೆಸಿ. ಕುಂಡಕ್ಕೆ ತೂತು ಇರಲೇಬೇಕು. ನೀರನ್ನು ಅಂಚಿನಲ್ಲಿ ಮಣ್ಣಿಗೆ ಹಾಕಿ, ನಡುವಿನ ಗೂಡಿಗೆ ಸುರಿಯಬೇಡಿ, ಗಾಳಿಯಾಡದ ಕೋಣೆಯಲ್ಲಿ ಹೊಸ ಚಿಗುರು ಅಲ್ಲೇ ಕೊಳೆಯುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲಾಂದ್ರೆ ಆರ್‌ಓ ನೀರು ಹಾಕಿ.

ಉತ್ತರದ ಕಿಟಕಿ ಹತ್ತಿರ ಒಳ್ಳೆಯ ಜಾಗ. ಬೇಸಿಗೆಯಲ್ಲಿ ಒಣಗಾಳಿಯೇ ದೊಡ್ಡ ಶತ್ರು, ಹಾಗಾಗಿ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಕೂಲರ್ ಗಾಳಿ ನೇರವಾಗಿ ಬಡಿಯದಿರಲಿ. ಗೊಬ್ಬರ ಜಾಸ್ತಿ ಬೇಡ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಳುವಾಗಿ ಕೊಟ್ಟರೆ ಸಾಕು.