ಅಪ್ಪ ನೊಣ, ಮಗ ನೊಣ: ‘ದ ಫ್ಲೈ’ ರೀಮೇಕ್ ಮತ್ತು ಅದರ ಎರಡನೇ ಭಾಗದ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳೆಲ್ಲ ಒಂದೇ ನೊಣದ ಸುತ್ತ ಹಾರಾಡುತ್ತಿವೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ‘ದ ಫ್ಲೈ’ 1958ರ ಅಮೆರಿಕನ್ ಚಿತ್ರ. ಅದನ್ನು ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ 1986ರಲ್ಲಿ ಹೊಸದಾಗಿ ಮಾಡಿದರು. ವಸ್ತುವನ್ನು ಒಂದು ಪೆಟ್ಟಿಗೆಯಲ್ಲಿ ಬಿಡಿಸಿ ಇನ್ನೊಂದರಲ್ಲಿ ಜೋಡಿಸುವ ಟೆಲಿಪಾಡ್ ಎಂಬ ಯಂತ್ರ ಕಟ್ಟಿದ ವಿಜ್ಞಾನಿ ಸೇತ್ ಬ್ರಂಡಲ್, ಕುಡಿದ ಮತ್ತಿನಲ್ಲಿ ತಾನೇ ಅದರೊಳಗೆ ಹೋಗುತ್ತಾನೆ. ಜೊತೆಗೊಂದು ಮನೆನೊಣವೂ ಸೇರಿಕೊಂಡಿರುತ್ತದೆ. 1989ರ ‘ದ ಫ್ಲೈ 2’ ಅವನ ಮಗ ಮಾರ್ಟಿನ್‌ನ ಕತೆ. ಕೆಳಗಿನ ಉತ್ತರಗಳಲ್ಲಿ ಎರಡೂ ಚಿತ್ರಗಳ ಕೊನೆ ಬಯಲಾಗುತ್ತದೆ, ನೋಡದವರು ನೋಡಿಕೊಂಡೇ ಓದಿ.

ಪ್ರಶ್ನೆ: ರೀಮೇಕನ್ನು ಹೊಗಳುವವರೇ ಎರಡನೇ ಭಾಗವನ್ನು ತೆಗಳುತ್ತಾರೆ. ಮೊದಲನೆಯದಕ್ಕೆ ಮೇಕಪ್ ಮಾಡಿದವರೇ ಎರಡನೆಯದನ್ನು ನಿರ್ದೇಶಿಸಿದ್ದಾರಂತೆ. ಹಾಗಿದ್ದರೂ ಯಾಕೆ ಸಪ್ಪೆ? (ಕಾಲೇಜು ವಿದ್ಯಾರ್ಥಿಗಳ ಗುಂಪು, ವಿರಾಜಪೇಟೆ)

ಉತ್ತರ: ನೀವು ಕೇಳಿದ್ದು ನಿಜ. ಕ್ರಿಸ್ ವಾಲಸ್ 1986ರ ಚಿತ್ರದ ಮೇಕಪ್‌ಗೆ ಸ್ಟೀಫನ್ ಡುಪ್ವಿ ಜೊತೆ ಆಸ್ಕರ್ ಪಡೆದವರು. ‘ದ ಫ್ಲೈ 2’ ಅವರು ನಿರ್ದೇಶಿಸಿದ ಮೊದಲ ಚಿತ್ರ. ಕೈಚಳಕ ಎರಡರಲ್ಲೂ ಒಂದೇ ಮಟ್ಟದ್ದು, ರಕ್ತ-ಲೋಳೆಯಂತೂ ಎರಡನೆಯದರಲ್ಲೇ ಜಾಸ್ತಿ. ವ್ಯತ್ಯಾಸ ಇರುವುದು ಮೇಕಪ್ಪನ್ನು ಎಲ್ಲಿ ಇಟ್ಟರು ಎಂಬುದರಲ್ಲಿ.

ರೀಮೇಕಿನಲ್ಲಿ ಬದಲಾವಣೆ ನಟನ ಮುಖದ ಮೇಲೇ ನಡೆಯುತ್ತದೆ. ಜೆಫ್ ಗೋಲ್ಡ್‌ಬ್ಲಮ್ ಮೊದಲು ಬರೀ ಚುರುಕಾಗುತ್ತಾನೆ, ಕಾಫಿಗೆ ಚಮಚಗಟ್ಟಲೆ ಸಕ್ಕರೆ ಸುರಿಯುತ್ತಾನೆ, ನಿಲ್ಲಿಸದೆ ಮಾತಾಡುತ್ತಾನೆ. ಹಿಂದೊಮ್ಮೆ ಬೆನ್ನಿಗೆ ಸರ್ಕ್ಯೂಟಿನ ಚೂರು ಚುಚ್ಚಿ ಆದ ಗಾಯದಿಂದ ಒರಟು ಕೂದಲು ಹುಟ್ಟುತ್ತದೆ. ಕೆನ್ನೆಯಲ್ಲಿ ಗುಳ್ಳೆ ಏಳುತ್ತವೆ, ಉಗುರು ಕಿತ್ತು ಬರುತ್ತದೆ, ಕಿವಿ ಕಳಚುತ್ತದೆ. ಉದುರಿದ್ದನ್ನೆಲ್ಲ ಅವನು ಬಚ್ಚಲುಮನೆಯ ಔಷಧಿ ಕಪಾಟಿನಲ್ಲಿ ಜೋಡಿಸಿಟ್ಟು ತಮಾಷೆ ಮಾಡುತ್ತಾನೆ. ಮೇಕಪ್ಪನ್ನು ಹಂತ ಹಂತವಾಗಿ ವಿನ್ಯಾಸ ಮಾಡಿದ್ದರು. ಕಡೆಯ ಹಂತಗಳಿಗೆ ನಟ ಸುಮಾರು ಐದು ಗಂಟೆ ಕುರ್ಚಿಯಲ್ಲಿ ಕೂರಬೇಕಿತ್ತು. ಇಷ್ಟೆಲ್ಲ ಆದರೂ ಕಣ್ಣು ಮತ್ತು ದನಿ ಕೊನೆಯ ದೃಶ್ಯಗಳವರೆಗೂ ಅವನವೇ. ಬೊಂಬೆ ಬರುವುದು ತೀರ ಕಡೆಗೆ, ದವಡೆ ಬಿದ್ದು ಮಾತು ನಿಂತ ಮೇಲೆ. ಅಲ್ಲಿಯವರೆಗೆ ನಾವು ನೋಡುತ್ತಿರುವುದು ಕಾಯಿಲೆ ಬಿದ್ದ ಒಬ್ಬ ಮನುಷ್ಯನನ್ನು. ಅವನನ್ನು ಪ್ರೀತಿಸಿದ ವೆರೋನಿಕಾ (ಜೀನಾ ಡೇವಿಸ್) ಪ್ರತಿ ಸಲ ಬಾಗಿಲು ತೆರೆದಾಗ ರೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಆ ಕಾಲದಲ್ಲಿ ಏಡ್ಸ್ ಭಯ ಹಬ್ಬಿದ್ದರಿಂದ ಹಲವರು ಇದನ್ನು ಏಡ್ಸ್‌ನ ಕತೆ ಎಂದೇ ಓದಿದರು. ತನ್ನ ಮನಸ್ಸಿನಲ್ಲಿದ್ದದ್ದು ಒಟ್ಟಾರೆ ಮುಪ್ಪು ಮತ್ತು ಸಾವು ಎಂದು ನಿರ್ದೇಶಕರು ಹೇಳಿದ್ದಾರೆ.

ಎರಡನೇ ಭಾಗದಲ್ಲಿ ಮಾರ್ಟಿನ್ (ಎರಿಕ್ ಸ್ಟೋಲ್ಟ್ಜ್) ಐದೇ ವರ್ಷಕ್ಕೆ ಆಳೆತ್ತರ ಬೆಳೆದ ಹುಡುಗ. ಕಾಯಿಲೆ ಹುಟ್ಟಿನಿಂದಲೇ ಬಂದದ್ದು, ಅಪ್ಪನಂತೆ ಕೈಯಾರೆ ತಂದುಕೊಂಡದ್ದಲ್ಲ. ಚರ್ಮ ಕೆಡಲು ಶುರುವಾದ ಸ್ವಲ್ಪ ಹೊತ್ತಿಗೇ ಅವನು ಗೂಡು ಕಟ್ಟಿಕೊಂಡು ಒಳಗೆ ಸೇರುತ್ತಾನೆ, ಹೊರಬರುವಾಗ ಪೂರ್ತಿ ಯಾಂತ್ರಿಕ ಬೊಂಬೆ. ಅಲ್ಲಿಗೆ ನಟನ ಕೆಲಸ ಮುಗಿಯಿತು. ಉಳಿದದ್ದು ಕಾವಲುಗಾರರನ್ನು ಒಬ್ಬೊಬ್ಬರಾಗಿ ಮುಗಿಸುವ ರಾಕ್ಷಸನ ಚಿತ್ರ: ಒಬ್ಬನ ಮುಖಕ್ಕೆ ಆಮ್ಲದ ವಾಂತಿ, ಇನ್ನೊಬ್ಬನ ತಲೆ ಲಿಫ್ಟಿನ ಅಡಿಗೆ. ಬೊಂಬೆ ಚೆನ್ನಾಗಿದೆ, ಆದರೆ ಅದರೊಳಗೆ ಮಾರ್ಟಿನ್ ಇದ್ದಾನೆ ಎಂದು ನಾವೇ ನೆನಪು ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ ಪಾತ್ರಗಳ ಸಂಖ್ಯೆ. ರೀಮೇಕಿನಲ್ಲಿ ಹೆಚ್ಚುಕಡಿಮೆ ಮೂರೇ ಜನ, ಒಂದೇ ಅಟ್ಟದಂಥ ಮನೆ. ಬಾರ್ಟೊಕ್ ಕಂಪನಿ ಹಣ ಕೊಡುತ್ತದೆ ಎಂಬ ಮಾತಷ್ಟೇ ಬರುತ್ತದೆ. ಎರಡನೇ ಭಾಗ ಆ ಕಂಪನಿಯನ್ನು ಎಳೆದು ತಂದು ಖಳನನ್ನಾಗಿಸಿತು. ಕೆಟ್ಟ ಯಜಮಾನ ಬಂದ ಕೂಡಲೇ ತಪ್ಪು ಅವನ ತಲೆಗೆ ಹೋಗುತ್ತದೆ, ನಾಯಕ ಶುದ್ಧವಾಗಿಬಿಡುತ್ತಾನೆ. ಸೇತ್ ಬ್ರಂಡಲ್‌ಗೆ ಆ ಸೌಕರ್ಯ ಇರಲಿಲ್ಲ. ಮತ್ಸರದಿಂದ ಕುಡಿದು, ಒಬ್ಬನೇ ಒಳಗೆ ಹೋದವನು ಅವನೇ.

ಹಾಗೆಂದು ಎರಡನೆಯದನ್ನು ತಳ್ಳಿಹಾಕಬೇಡಿ. ನಾಯಿಯ ಪ್ರಸಂಗವೊಂದಕ್ಕೇ ಅದನ್ನು ನೋಡಬಹುದು. ಮುಂದಿನ ಉತ್ತರವೊಂದರಲ್ಲಿ ಹೇಳಿದೆ.

ಪ್ರಶ್ನೆ: 1958ರ ಮೂಲ ಚಿತ್ರವನ್ನು ಮೊದಲು ನೋಡಲೇಬೇಕೆ? (ಸೋಮವಾರಪೇಟೆ)

ಉತ್ತರ: ಬೇಕಿಲ್ಲ. 1986ರದ್ದು ತನ್ನ ಕಾಲ ಮೇಲೆ ನಿಲ್ಲುತ್ತದೆ. ಆದರೆ ಮೂರನ್ನೂ ನೋಡುವ ಉತ್ಸಾಹವಿದ್ದರೆ 1986, 1989, ಆಮೇಲೆ 1958, ಈ ಕ್ರಮ ಒಳ್ಳೆಯದು. ಕರ್ಟ್ ನ್ಯೂಮನ್ ನಿರ್ದೇಶಿಸಿದ ಮೂಲದಲ್ಲಿ ವಿಜ್ಞಾನಿಯ ತಲೆ ಮತ್ತು ಒಂದು ತೋಳು ನೊಣಕ್ಕೆ, ನೊಣದವು ವಿಜ್ಞಾನಿಗೆ, ಒಂದೇ ಏಟಿಗೆ ಅದಲು ಬದಲಾಗುತ್ತವೆ. ಹಾಗಾಗಿ ಕತೆ ಬಟ್ಟೆ ಮುಚ್ಚಿದ ತಲೆ ಯಾವಾಗ ಕಾಣುತ್ತದೆ ಎಂಬ ಕುತೂಹಲದ ಮೇಲೆ ನಡೆಯುತ್ತದೆ. ಕ್ರೋನೆನ್‌ಬರ್ಗ್ ಆ ಅದಲು ಬದಲನ್ನು ಬಿಟ್ಟು ವಂಶವಾಹಿಗಳ ಬೆರಕೆ ತಂದರು. ಬೆರೆತದ್ದನ್ನು ಬೇರೆ ಮಾಡಲಾಗದು. ಎರಡನೇ ಭಾಗದ ಕ್ಲೈಮ್ಯಾಕ್ಸಿನಲ್ಲಿ ಮಾರ್ಟಿನ್ ಕಂಪನಿಯ ಯಜಮಾನನನ್ನೂ ಟೆಲಿಪಾಡಿನೊಳಗೆ ಎಳೆದುಕೊಂಡು, ತನ್ನ ಕೆಟ್ಟ ವಂಶವಾಹಿಗಳನ್ನು ಅವನಿಗೆ ದಾಟಿಸಿ ತಾನು ಮನುಷ್ಯನಾಗಿ ಹೊರಬರುತ್ತಾನೆ. ಅಂದರೆ ರೀಮೇಕ್ ಕಷ್ಟಪಟ್ಟು ಕೈಬಿಟ್ಟ 1958ರ ಅದಲು ಬದಲನ್ನೇ ಅದರ ಮಗ ಹಿಂದಿನ ಬಾಗಿಲಿನಿಂದ ಒಳಗೆ ತಂದ. ಕೊನೆಯಲ್ಲಿ 1958ರದ್ದನ್ನು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು ನಾನು. ಈ ಎರಡು ಚಿತ್ರಗಳಲ್ಲಿ ನೊಣದ ಜೀವಶಾಸ್ತ್ರ ಎಷ್ಟು ಸರಿ? (ಗೋಣಿಕೊಪ್ಪ)

ಉತ್ತರ: ವಾಂತಿ ಸರಿ. ಮನೆನೊಣಕ್ಕೆ ಅಗಿಯುವ ಬಾಯಿಲ್ಲ, ಹೀರುವ ಸ್ಪಂಜಿನಂಥ ಸೊಂಡಿಲು ಮಾತ್ರ. ಗಟ್ಟಿ ಆಹಾರದ ಮೇಲೆ ಜೊಲ್ಲು ಮತ್ತು ಹೊಟ್ಟೆಯ ದ್ರವ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಹಲಸಿನ ಕಾಲದಲ್ಲಿ ಬಿಡಿಸಿಟ್ಟ ತೊಳೆಯ ಮೇಲೆ ಕೂತ ನೊಣವನ್ನು ಭೂತಗನ್ನಡಿಯಲ್ಲಿ ನೋಡಲು ಮಕ್ಕಳಿಗೆ ಹೇಳಿ, ಹನಿ ಬಿಟ್ಟು ಒತ್ತುವುದು ಕಾಣುತ್ತದೆ. ಬ್ರಂಡಲ್ ಡೋನಟ್ ಮೇಲೆ ಮಾಡುವುದೂ ಇದನ್ನೇ. ಆದರೆ ಆ ದ್ರವ ಮನುಷ್ಯನ ಕೈಯನ್ನೇ ಕ್ಷಣದಲ್ಲಿ ಕರಗಿಸುವುದು ಸಿನಿಮಾ ಲೆಕ್ಕ.

ಬ್ರಂಡಲ್ ಚಾವಣಿಗೆ ಅಂಟಿಕೊಂಡು ನಡೆಯುವುದು ಆಗದ ಮಾತು. ನೊಣದ ಪಾದದ ಮೆತ್ತೆಯಲ್ಲಿ ಸಾವಿರಾರು ಸೂಕ್ಷ್ಮ ಕೂದಲುಗಳಿದ್ದು, ಅವುಗಳ ತುದಿಯ ಅಂಟುದ್ರವ ಹಿಡಿತ ಕೊಡುತ್ತದೆ. ದೇಹದ ಉದ್ದ 10 ಪಟ್ಟಾದರೆ ಪಾದದ ಹರವು 100 ಪಟ್ಟು, ತೂಕ 1000 ಪಟ್ಟು. ಹಿಡಿತಕ್ಕಿಂತ ಭಾರ ಬೇಗ ಬೆಳೆಯುತ್ತದೆ. ಮನುಷ್ಯನ ಗಾತ್ರಕ್ಕೆ ಬರುವಷ್ಟರಲ್ಲಿ ಅಂಗೈಯಷ್ಟು ಮೆತ್ತೆ ಎಲ್ಲಿಗೂ ಸಾಲದು. (ಚಿತ್ರದಲ್ಲಿ ಇದನ್ನು ಇಡೀ ಕೋಣೆಯ ಸೆಟ್ಟನ್ನೇ ತಿರುಗಿಸಿ ಚಿತ್ರೀಕರಿಸಿದ್ದಾರೆ. ನಟ ನೆಲದಲ್ಲೇ ಇದ್ದ, ಕ್ಯಾಮೆರಾ ಕೋಣೆಯ ಜೊತೆ ಉರುಳಿತು.) ಉಸಿರಾಟವೂ ಇದೇ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ಕೀಟಗಳು ಪಕ್ಕದ ರಂಧ್ರಗಳಿಂದ ಸಣ್ಣ ನಳಿಕೆಗಳ ಮೂಲಕ ಗಾಳಿಯನ್ನು ನೇರ ಅಂಗಾಂಶಕ್ಕೆ ಒಯ್ಯುತ್ತವೆ. ದೊಡ್ಡ ದೇಹಕ್ಕೆ ಆ ವ್ಯವಸ್ಥೆ ಸಾಲುವುದಿಲ್ಲ.

ಸ್ವಾರಸ್ಯ ಇರುವುದು ಇನ್ನೊಂದು ಕಡೆ. ನೊಣ ಪೂರ್ಣ ರೂಪಾಂತರದ ಕೀಟ: ಮೊಟ್ಟೆ, ಹುಳು, ಕೋಶ, ನೊಣ. ಬೆಚ್ಚನೆಯ ಹವೆಯಲ್ಲಿ ಇಷ್ಟೂ ಏಳರಿಂದ ಹತ್ತು ದಿನದಲ್ಲಿ ಮುಗಿಯುತ್ತದೆ. ಆ ದೃಷ್ಟಿಯಿಂದ ದಿಢೀರನೆ ಬೆಳೆದು, ಗೂಡು ಸೇರಿ, ಬೇರೆಯೇ ಪ್ರಾಣಿಯಾಗಿ ಹೊರಬರುವ ಮಾರ್ಟಿನ್ ಶಾಸ್ತ್ರಕ್ಕೆ ಹತ್ತಿರ. ದಿನಕ್ಕಿಷ್ಟು ಎಂದು ಬದಲಾಗುವ ಅಪ್ಪ ದೂರ. ಜೀವಶಾಸ್ತ್ರ ಸರಿಮಾಡಲು ಹೋಗಿ ಎರಡನೇ ಭಾಗ ನಾಟಕವನ್ನು ಕಳೆದುಕೊಂಡಿತು ಎನ್ನಬಹುದು. ಒಂದು ತಿದ್ದುಪಡಿಯನ್ನು ಮಕ್ಕಳಿಗೆ ಹೇಳಿ: ಮನೆನೊಣ ರೇಷ್ಮೆಹುಳದಂತೆ ನೂಲು ಸುತ್ತಿ ಗೂಡು ಕಟ್ಟುವುದಿಲ್ಲ. ಹುಳುವಿನ ಕೊನೆಯ ಚರ್ಮವೇ ಗಟ್ಟಿಯಾಗಿ ಕಂದು ಡಬ್ಬಿಯಾಗುತ್ತದೆ. ಹೊರಬರುವಾಗ ನೊಣ ಹಣೆಯ ಮೇಲಿನ ಚೀಲವನ್ನು ಉಬ್ಬಿಸಿ ಮುಚ್ಚಳ ಒಡೆಯುತ್ತದೆ. ಸಿನಿಮಾದವರಿಗೆ ಇದು ಗೊತ್ತಿದ್ದರೆ ಬಿಡುತ್ತಿರಲಿಲ್ಲ!

ಪ್ರಶ್ನೆ: ನಮ್ಮ ಸುದೀಪ್ ಖಳನಾಗಿದ್ದ ‘ಈಗ’ ಇದರಿಂದಲೇ ಬಂದದ್ದಲ್ಲವೆ? (ಪೊನ್ನಂಪೇಟೆ)

ಉತ್ತರ: ಅಲ್ಲ. ರಾಜಮೌಳಿಯವರ 2012ರ ಆ ಚಿತ್ರದಲ್ಲಿ ಕೊಲೆಯಾದವನು ನೊಣವಾಗಿ ಮರುಜನ್ಮ ಪಡೆದು ಸೇಡು ತೀರಿಸಿಕೊಳ್ಳುತ್ತಾನೆ. ಅದು ಪುನರ್ಜನ್ಮದ ಕತೆ, ಯಂತ್ರದ್ದಲ್ಲ. ಅಲ್ಲಿ ನೊಣವಾಗುವುದೇ ವರ, ಇಲ್ಲಿ ಅದೇ ರೋಗ.

ಪ್ರಶ್ನೆ: ಮನೆಯಲ್ಲಿ 12 ಮತ್ತು 15 ವರ್ಷದ ಮಕ್ಕಳಿದ್ದಾರೆ. ಜೊತೆಗೆ ಕೂರಿಸಿಕೊಳ್ಳಬಹುದೆ? (ಮಡಿಕೇರಿ)

ಉತ್ತರ: 12ಕ್ಕೆ ಬೇಡ. ಅಮೆರಿಕದಲ್ಲಿ ಎರಡಕ್ಕೂ ಆರ್ ದರ್ಜೆ ಇದೆ, ಅಂದರೆ 17 ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬೇಕು. ರೀಮೇಕಿನಲ್ಲಿ ಹಾಸಿಗೆಯ ದೃಶ್ಯಗಳಿವೆ. ಪ್ರಯೋಗದಲ್ಲಿ ಬಬೂನ್ ಕೋತಿಯೊಂದು ಒಳಗಿನದು ಹೊರಗಾಗಿ ಬರುತ್ತದೆ, ಪಂಜ ಕುಸ್ತಿಯಲ್ಲಿ ಎದುರಾಳಿಯ ಮೂಳೆ ಚರ್ಮ ಸೀಳಿ ಹೊರಬರುತ್ತದೆ, ವೆರೋನಿಕಾ ಹುಳು ಹೆರುವ ಕನಸು ಕಾಣುತ್ತಾಳೆ. ಆ ಕನಸಿನ ವೈದ್ಯನಾಗಿ ಮುಖಗವಸು ಹಾಕಿ ನಿಂತವರು ನಿರ್ದೇಶಕರೇ. ಗರ್ಭಿಣಿಯರಿದ್ದರೆ ಈ ದೃಶ್ಯದ ಬಗ್ಗೆ ಮೊದಲೇ ಹೇಳಿಬಿಡಿ.

15ರ ಮಗುವಿಗೆ ನೀವು ಒಮ್ಮೆ ನೋಡಿ ನಿರ್ಧರಿಸಿ. ಮನೆಯಲ್ಲಿ ನಾಯಿ ಸಾಕಿದ್ದರೆ (ತೋಟದ ಮನೆಯಲ್ಲಿ ಸಾಕದವರು ಯಾರು!) ಎರಡನೇ ಭಾಗದ ಬಗ್ಗೆಯೇ ಹೆಚ್ಚು ಎಚ್ಚರ. ಪುಟ್ಟ ಮಾರ್ಟಿನ್ ಹಚ್ಚಿಕೊಂಡ ಗೋಲ್ಡನ್ ರಿಟ್ರೀವರ್ ನಾಯಿಯನ್ನು ಟೆಲಿಪಾಡಿನಲ್ಲಿ ಕಳಿಸುತ್ತಾರೆ, ಅದು ವಿಕಾರವಾಗಿ ಹೊರಬರುತ್ತದೆ. ಸತ್ತಿದೆ ಎಂದು ಅವನು ನಂಬಿರುತ್ತಾನೆ. ವರ್ಷಗಳ ನಂತರ ಅದು ಗುಂಡಿಯೊಂದರಲ್ಲಿ ಇನ್ನೂ ಜೀವಂತ ಇರುವುದು ತಿಳಿಯುತ್ತದೆ, ಅದು ಅವನ ಗುರುತು ಹಿಡಿಯುತ್ತದೆ, ಅವನೇ ಅದಕ್ಕೆ ಸಾವು ಕೊಡುತ್ತಾನೆ. ಇಡೀ ಎರಡನೇ ಭಾಗದಲ್ಲಿ ರೀಮೇಕಿನ ಮಟ್ಟಕ್ಕೆ ಏರುವುದು ಇದೊಂದೇ. ಯಾಕೆಂದರೆ ಇಲ್ಲಿ ಮತ್ತೆ ಪ್ರೀತಿಸಿದವರು ಕೆಟ್ಟ ದೇಹವನ್ನು ಕಣ್ಣಾರೆ ನೋಡಬೇಕಾಗುತ್ತದೆ. ಕೊನೆಗೆ ಯಜಮಾನ ಬಾರ್ಟೊಕ್ ಅದೇ ಗುಂಡಿಯಲ್ಲಿ ತೆವಳುವುದು ನ್ಯಾಯ ಎನಿಸಬಹುದು, ಆದರೆ ನಾಯಿಯ ದೃಶ್ಯದ ಪಕ್ಕದಲ್ಲಿ ಅದು ಅಗ್ಗ.

ಪ್ರಶ್ನೆ: ಕಕ್ಕಡ ತಿಂಗಳ ಮಳೆಯಲ್ಲಿ ಸ್ನೇಹಿತರನ್ನು ಕರೆದು ಒಂದೇ ರಾತ್ರಿ ಎರಡನ್ನೂ ಪ್ರೊಜೆಕ್ಟರಿನಲ್ಲಿ ಹಾಕಬೇಕೆಂದಿದ್ದೇವೆ. ಕರೆಂಟಿನ ಭರವಸೆ ಇಲ್ಲ. ಇನ್ವರ್ಟರಿನಲ್ಲಿ ಆಗುತ್ತದೆಯೆ? (ನಾಪೋಕ್ಲು)

ಉತ್ತರ: ಲೆಕ್ಕ ಹಾಕಿ ಇಳಿದರೆ ಆಗುತ್ತದೆ. ರೀಮೇಕ್ 96 ನಿಮಿಷ, ಎರಡನೇ ಭಾಗ 105. ಒಟ್ಟು 201 ನಿಮಿಷ, ಅಂದರೆ ಮೂರು ಗಂಟೆ 21 ನಿಮಿಷ. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ ಇರುತ್ತದೆ. ಪೂರ್ತಿ ಬರಿದು ಮಾಡದೆ 80 ಶೇಕಡಾ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 1150. ಲ್ಯಾಂಪ್ ಪ್ರೊಜೆಕ್ಟರ್ 280 ವ್ಯಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 40 ಎಂದರೆ 380 ವ್ಯಾಟ್. ಮೂರು ಗಂಟೆಗೆ ಮುಗಿಯುತ್ತದೆ, ಕ್ಲೈಮ್ಯಾಕ್ಸಿನಲ್ಲಿ ಕತ್ತಲೆ. ಪ್ರೊಜೆಕ್ಟರನ್ನು ಇಕೋ ಮೋಡಿಗೆ ಹಾಕಿ 210ಕ್ಕೆ ಇಳಿಸಿದರೆ ಒಟ್ಟು 310 ವ್ಯಾಟ್, ಮೂರು ಗಂಟೆ 40 ನಿಮಿಷ ಬರುತ್ತದೆ. ಬ್ಯಾಟರಿ ಹಳೆಯದಾದರೆ ಇಷ್ಟು ಸಿಗದು. ಲ್ಯಾಪ್‌ಟಾಪನ್ನು ಮೊದಲೇ ತುಂಬಿಸಿಟ್ಟು ಮೊದಲ ಚಿತ್ರವನ್ನು ಅದರ ಬ್ಯಾಟರಿಯಲ್ಲೇ ಓಡಿಸಿ. ಫ್ರಿಜ್ ಅದೇ ಲೈನಿನಲ್ಲಿದ್ದರೆ ತೆಗೆಯಿರಿ, ಕಂಪ್ರೆಸರ್ ಶುರುವಾಗುವ ಎಳೆತಕ್ಕೆ ಇನ್ವರ್ಟರ್ ಟ್ರಿಪ್ ಆಗಬಹುದು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುತ್ತದೆ, ಸೈನ್ ವೇವ್ ಇದ್ದವರ ಮನೆ ಆರಿಸಿ.

ಶೀಟು ಹೊದಿಸಿದ ಕೋಣೆ ಬೇಡ. ರೀಮೇಕಿನ ಅರ್ಧ ಮಾತು ಪಿಸುದನಿಯವು, ಮಳೆ ಸದ್ದಿನಲ್ಲಿ ಏನೂ ಕೇಳದು. ಹಂಚಿನ ಮನೆಯಾದರೂ ಸಬ್‌ಟೈಟಲ್ ಹಾಕಿ, ಸ್ಪೀಕರನ್ನು ಪರದೆಯ ಬಳಿ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಐನ್‌ಮನೆಯಾದರೆ (ಕೊಡವ ಮನೆತನದ ಮೂಲಮನೆ) ನೆಲ್ಲಕ್ಕಿ ದೀಪ ಇರುವ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಇಂಥದ್ದನ್ನು ಹಾಕಿ ಹಿರಿಯರಿಂದ ಬೈಸಿಕೊಳ್ಳಬೇಡಿ. ಪರದೆಗೆ ಒಂಟಿ ಬೆಡ್‌ಶೀಟ್ ಕಟ್ಟಿದರೆ ಬೆಳಕು ಹಿಂದಕ್ಕೆ ಸೋರಿ, ಮೊದಲೇ ಕತ್ತಲಾಗಿರುವ ಬ್ರಂಡಲ್‌ನ ಮನೆ ಪೂರ್ತಿ ಕಪ್ಪಾಗುತ್ತದೆ. ಸುಣ್ಣ ಬಳಿದ ಹೊಳಪಿಲ್ಲದ ಗೋಡೆ ಇದಕ್ಕಿಂತ ವಾಸಿ.

ಪಂದಿಕರಿ, ಕಡಂಬುಟ್ಟು ಎಲ್ಲ ಮೊದಲ ಚಿತ್ರಕ್ಕೆ ಮುಂಚೆಯೇ ಮುಗಿಸಿ. ಡೋನಟ್ ದೃಶ್ಯದ ನಂತರ ತಟ್ಟೆ ಹಿಡಿದರೆ ಮಾಂಸ ಉಳಿಯುತ್ತದೆ. ಎರಡರ ನಡುವೆ 20 ನಿಮಿಷ ಬಿಡುವು ಕೊಡಿ, ಬರೀ ಕಾಫಿ ಸಾಕು. ಸ್ನೇಹಿತರನ್ನು ಬಿಟ್ಟು ಊರವರನ್ನೆಲ್ಲ ಕರೆಯುವುದಾದರೆ, ಟಿಕೆಟ್ ಇಡದಿದ್ದರೂ, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಪಡೆಯಿರಿ.

ಇನ್ನು ತೇವ. ತಂಪು ಕೋಣೆಯ ಪ್ರೊಜೆಕ್ಟರನ್ನು ಹತ್ತು ಜನ ಕೂತ ಬೆಚ್ಚನೆಯ ಕೋಣೆಗೆ ತಂದ ತಕ್ಷಣ ಲೆನ್ಸಿಗೆ ಮಂಜು ಕವಿಯುತ್ತದೆ. ಒರೆಸಬೇಡಿ, ಗೀರು ಬೀಳುತ್ತದೆ. ಅರ್ಧ ಗಂಟೆ ಮುಂಚೆ ತಂದಿಟ್ಟರೆ ತಾನಾಗಿ ಆರುತ್ತದೆ. ಉಳಿದ ದಿನ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಕಟ್ಟುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿ ಆಗುವವರೆಗೆ ಬಿಸಿ ಮಾಡಿ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಮಾಡಬೇಡಿ. ಕಿಟಕಿಗೆ ಸೊಳ್ಳೆಪರದೆ ಇರಲಿ. ಬೆಳಕಿಗೆ ಮುತ್ತುವ ರೆಕ್ಕೆಹುಳುಗಳು ಪ್ರೊಜೆಕ್ಟರಿನ ಗಾಳಿಕಿಂಡಿಯಲ್ಲಿ ಸೇರಿ ಸುಟ್ಟರೆ ವಾಸನೆ ಸಾಲದೆಂದು ಫ್ಯಾನೂ ಕಟ್ಟಿಕೊಳ್ಳುತ್ತದೆ. ಚಿತ್ರ ಮುಗಿದ ಮೇಲೆ ಪ್ಲಗ್ ಕೀಳದೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ. ಬಿಸಿ ಲ್ಯಾಂಪ್ ಒಡೆಯುವುದು ಹೆಚ್ಚಾಗಿ ಆ ಅವಸರದಲ್ಲೇ.