ಅಗ್ಗದ ಪ್ರೋಟೀನ್ ಪುಡಿ ಕಳಪೆಯೇ?

ಪ್ರಶ್ನೆ: ಮಗನಿಗೆ 19 ವರ್ಷ, ತೂಕ 60 ಕೆ.ಜಿ. ಜಿಮ್‌ನವರು ಕಿಲೋಗೆ 900 ರೂಪಾಯಿಯಂತೆ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಕೊಟ್ಟಿದ್ದಾರೆ. ಬ್ರ್ಯಾಂಡಿನದ್ದಕ್ಕೆ 2,400. ನೀರಲ್ಲಿ ಚೆನ್ನಾಗಿ ಕರಗುತ್ತದೆ. ಕೊಡಬಹುದೇ? ಫೋಟೊ ಕಳಿಸಿದ್ದೇನೆ.
– ಓದುಗರು, ದಾವಣಗೆರೆ

ಉತ್ತರ: ಕರಗಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕಲಬೆರಕೆಗೆ ಬಳಸುವ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟವನ್ನು ಒಡೆದು ಮಾಡುವ ಪುಡಿ) ಇನ್ನೂ ಚೆನ್ನಾಗಿ ಕರಗುತ್ತದೆ. ಟಿಂಚರ್ ಅಯೋಡಿನ್ ಹನಿ ಹಾಕುವ ವಿಡಿಯೊಗಳೂ ಅಷ್ಟೇ: ಪಿಷ್ಟವಿದ್ದರೆ ನೀಲಿಯಾಗುತ್ತದೆ, ಮಾಲ್ಟೋಡೆಕ್ಸ್‌ಟ್ರಿನ್ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ.

ಬೆಲೆಯನ್ನು ಕಿಲೋಗೆ ಅಳೆಯಬೇಡಿ, ಪ್ರೋಟೀನ್ ಗ್ರಾಮಿಗೆ ಅಳೆಯಿರಿ. 30 ಗ್ರಾಂ ಪುಡಿಯಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ ಕಿಲೋದಲ್ಲಿ 800 ಗ್ರಾಂ ಆಯಿತು; 2,400 ರೂಪಾಯಿಗೆ ಗ್ರಾಮಿಗೆ ಮೂರು ರೂಪಾಯಿ. ಅಗ್ಗದ್ದರಲ್ಲಿ 12 ಗ್ರಾಂ ಮಾತ್ರ ಇದ್ದರೆ ಗ್ರಾಮಿಗೆ ಎರಡೂಕಾಲು. ಉಳಿತಾಯ ನೀವಂದುಕೊಂಡಷ್ಟಿಲ್ಲ.

ಆ 24 ಅನ್ನುವ ಅಂಕಿಯಲ್ಲೂ ಆಟವಿದೆ. ಪ್ರಯೋಗಾಲಯದ ಸಾಮಾನ್ಯ ವಿಧಾನ ಪ್ರೋಟೀನನ್ನು ನೇರ ಅಳೆಯುವುದಿಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸುತ್ತದೆ. ಸಾರಜನಕವಿರುವ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಅಮೈನೊ ಆಮ್ಲ ಬೆರೆಸಿದರೂ ಅಂಕಿ ಏರುತ್ತದೆ, ಸ್ನಾಯುವಿಗೆ ಸಿಗುವುದು ಕಡಿಮೆ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ ಈ ಹೆಸರು ಕಂಡರೆ ಅನುಮಾನಿಸಿ. ಸ್ನಾಯುವಿಗೆ ಮುಖ್ಯವಾದ ಅಮೈನೊ ಆಮ್ಲ ಲ್ಯೂಸಿನ್ ಎಷ್ಟೆಂದು ಬರೆದಿದ್ದರೆ ಅದನ್ನೂ ನೋಡಿ. ನಿಜವಾದ ವೇನಲ್ಲಿ ಅದು ಪ್ರೋಟೀನಿನ ಹತ್ತನೇ ಒಂದು ಭಾಗದ ಆಸುಪಾಸು ಇರುತ್ತದೆ.

ನಿಮ್ಮ ಫೋಟೊದಲ್ಲಿ ಈ ಲೆಕ್ಕಕ್ಕೇ ಜಾಗವಿಲ್ಲ. ಬಿಳಿ ಕವರು, ಮೇಲೆ ‘ವೇ 80%’ ಎಂಬ ಚೀಟಿ, ಅಷ್ಟೇ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಯಾವುದೂ ಇಲ್ಲ. ಇದನ್ನು ವಾಪಸ್ ಕೊಟ್ಟುಬಿಡಿ. ಮುಂದೆ ಕೊಳ್ಳುವುದರ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐ ಜಾಲತಾಣದಲ್ಲಿ ಹಾಕಿ, ಕಂಪನಿ ಹೆಸರು ತಾಳೆಯಾಗುತ್ತದೆಯೇ ನೋಡಿ. ಲೈಸೆನ್ಸ್ ಅಂದರೆ ತಯಾರಿಸಲು ಪರವಾನಗಿ; ಆ ಬ್ಯಾಚನ್ನು ಯಾರೋ ಪರೀಕ್ಷಿಸಿದ್ದಾರೆ ಎಂದಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಲ್ಯಾಬಿನ ಬ್ಯಾಚ್‌ವಾರು ವರದಿ ತೋರಿಸುವ ಕಂಪನಿ, ಬೆಲೆ ಕಡಿಮೆಯಿದ್ದರೂ, ನನ್ನ ಮಟ್ಟಿಗೆ ಮೇಲು.

ಅಂದಹಾಗೆ, ಪುಡಿ ಬೇಕೇ ಬೇಕೇ? ಸಾಮಾನ್ಯರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ ನಿಮ್ಮ ಮಗನಿಗೆ 50 ಗ್ರಾಂ. ಭಾರ ಎತ್ತುವವರಿಗೆ 1.6ರವರೆಗೆ ಹೋಗಬಹುದು. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಚಳ್ಳಕೆರೆ ಕಡೆಯ ಶೇಂಗಾ ಸೇರಿದರೆ 40 ಗ್ರಾಂ ದಾಟುತ್ತದೆ. ಉಳಿದದ್ದನ್ನು ರೊಟ್ಟಿ, ಬೇಳೆ, ಮೊಳಕೆಕಾಳು ಬಹುಮಟ್ಟಿಗೆ ತುಂಬುತ್ತವೆ.

ಪ್ರಶ್ನೆ: ದಪ್ಪ ಆಗಲು ‘ಗಿಡಮೂಲಿಕೆ’ ಕ್ಯಾಪ್ಸೂಲ್ ತಿನ್ನುತ್ತಿದ್ದೇನೆ. ಎರಡು ತಿಂಗಳಲ್ಲಿ ಕೆನ್ನೆ ತುಂಬಿದೆ, ಹಸಿವೂ ಜಾಸ್ತಿ. ಒಳ್ಳೆಯದೇ ಅಲ್ಲವೇ?
– ಓದುಗರು, ಹಿರಿಯೂರು

ಉತ್ತರ: ಮುಖ ಮಾತ್ರ ದುಂಡಗಾಗಿದ್ದರೆ ನನಗೆ ಭಯವಾಗುತ್ತದೆ. ಇಂಥ ಕ್ಯಾಪ್ಸೂಲ್‌ಗಳಲ್ಲಿ ಹೇಳದೆ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಬೆರೆಸಿದ್ದು ಸಿಕ್ಕಿದೆ; ಮುಖ ದುಂಡಗಾಗುವುದು, ಹಸಿವು ಹೆಚ್ಚುವುದು ಅದರಿಂದಲೂ ಆಗುತ್ತದೆ. ಹಾಗಿದ್ದರೆ ನೀವೇ ದಿಢೀರನೆ ನಿಲ್ಲಿಸುವುದೂ ಅಪಾಯ: ದೇಹ ತನ್ನ ಸ್ಟೆರಾಯ್ಡ್ ತಯಾರಿಕೆ ಕಡಿಮೆ ಮಾಡಿರುತ್ತದೆ, ಬಿಪಿ ಕುಸಿಯಬಹುದು. ನಾಳೆಯೇ ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ. ಸಕ್ಕರೆ, ಬಿಪಿ ನೋಡಿಸಿ, ಹೇಗೆ ಬಿಡಬೇಕೆಂದು ಅವರೇ ಹೇಳಲಿ. ವಾಂತಿ, ವಿಪರೀತ ಸುಸ್ತು, ತಲೆಸುತ್ತು ಕಂಡರೆ ನಾಳೆಗೂ ಕಾಯಬೇಡಿ. ಡಬ್ಬಿಯನ್ನು ಎಸೆಯಬೇಡಿ, ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಲು ಅದೇ ಸಾಕ್ಷಿ.