ಕ್ರಿಸ್ತ ಎನ್ನುವುದು ಯೇಸುವಿನ ಮನೆತನದ ಹೆಸರೇ?

ಅಲ್ಲ, ಅದು ಬಿರುದು. ಹೀಬ್ರೂವಿನ ‘ಮೆಸ್ಸೀಯ’ ಎಂದರೆ ಅಭಿಷಿಕ್ತ, ಅಂದರೆ ತಲೆಗೆ ಎಣ್ಣೆ ಹೊಯ್ಸಿಕೊಂಡು ಪದವಿಗೇರಿದವನು. ಗ್ರೀಕಿನಲ್ಲಿ ಅದೇ ‘ಕ್ರಿಸ್ತೋಸ್’. ಹಿಂದೆ ಇಸ್ರಾಯೇಲಿನ ಅರಸರಿಗೂ ಯಾಜಕರಿಗೂ ಈ ಅಭಿಷೇಕವಾಗುತ್ತಿತ್ತು. ಹಾಗಾಗಿ ಯೇಸುವಿನ ಕಾಲದ ಅನೇಕ ಯೆಹೂದ್ಯರು ಕಾದಿದ್ದು ಹಿಂದಿನ ಅರಸ ದಾವೀದನ ವಂಶದ ರಾಜನಿಗಾಗಿ, ರೋಮನ್ನರ ನೊಗ ಮುರಿಯುವವನಿಗಾಗಿ.

ಸ್ವಾರಸ್ಯ ಇರುವುದು ಇಲ್ಲೇ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆಗಳ ಪ್ರಕಾರ, ಫಿಲಿಪ್ಪನ ಕೈಸರೈಯ ಎಂಬ ಊರಿನ ಬಳಿ ಶಿಷ್ಯ ಪೇತ್ರನು ‘ನೀನೇ ಕ್ರಿಸ್ತನು’ ಎಂದ ಬೆನ್ನಲ್ಲೇ ಯೇಸು ಮಾತಾಡಿದ್ದು ಸಿಂಹಾಸನದ ಬಗ್ಗೆಯಲ್ಲ, ತನ್ನ ಸಾವಿನ ಬಗ್ಗೆ. (ಅದು ಪೇತ್ರನಿಗೇ ರುಚಿಸಲಿಲ್ಲ!) ಪ್ರವಾದಿ ಯೆಶಾಯನ ಗ್ರಂಥದ 53ನೇ ಅಧ್ಯಾಯದಲ್ಲಿ ಬರುವ ನೋವುಂಡ ಸೇವಕನನ್ನು ಕ್ರೈಸ್ತರು ಯೇಸುವಿನಲ್ಲಿ ಕಾಣುತ್ತಾರೆ.

ಇನ್ನು ಅವನು ಪೂರ್ಣ ದೇವರು, ಪೂರ್ಣ ಮನುಷ್ಯ, ಒಬ್ಬನಲ್ಲೇ ಎರಡು ಸ್ವಭಾವ ಎಂಬ ಸೂತ್ರ ಬಂದದ್ದು ಕ್ರಿ.ಶ. 451ರಲ್ಲಿ ಖಾಲ್ಸೆದೋನ್ ಪಟ್ಟಣದಲ್ಲಿ ಸೇರಿದ ಬಿಷಪ್ಪರ ಮಹಾಸಭೆಯಲ್ಲಿ. ಈಜಿಪ್ಟಿನ ಕಾಪ್ಟಿಕ್ ಮುಂತಾದ ಚರ್ಚುಗಳು ಆ ಪದಬಳಕೆಯನ್ನು ಇಂದಿಗೂ ಒಪ್ಪಿಲ್ಲ.